ಹದಿನೈದು ನಿಮಿಷದ ಯಜಮಾನಿಕೆ

ಮಗಳು ಹೊಸ ಲ್ಯಾಪ್‌ಟಾಪ್ ಕೊಂಡಳು, ಹಳೆಯದು ಮುನವಳ್ಳಿಗೆ ಬಂತು. ನಮ್ಮ ಮನೆಗೆ ಸಾಮಾನು ಬರುವುದೇ ಹೀಗೆ. ಅವಳ ಹಳೆಯ ಫೋನು ನನ್ನ ಹೊಸ ಫೋನು, ಅಳಿಯನ ಹಳೆಯ ಸ್ವೆಟರು ನನ್ನ ಹೊಸ ಸ್ವೆಟರು. ಆದರೆ ಈ ಲ್ಯಾಪ್‌ಟಾಪು ನನಗಿಂತಲೂ ನಿಧಾನದ್ದು. ಬೆಳಿಗ್ಗೆ ಗುಂಡಿ ಒತ್ತಿ, ಜಳಕ ಮುಗಿಸಿ, ವಿಭೂತಿ ಹಚ್ಚಿಕೊಂಡು, ಚಹಾ ಕುಡಿದು ಬಂದರೂ ವಿಂಡೋಸಿನ ಆ ಚುಕ್ಕೆಗಳ ಉಂಗುರ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತಿತ್ತು. ದೀಪಾವಳಿಗೆ ಬಂದ ತಂಗಿಯ ಮಗ ಅದನ್ನು ನೋಡಿ ಮರುಗಿದ. ಅವನು ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನ ಕೆಲಸದವನು. ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಎರಡು ತಟ್ಟೆ ಚೂಡಾ ಖಾಲಿ ಮಾಡುವಷ್ಟರಲ್ಲಿ ವಿಂಡೋಸನ್ನು ಒರೆಸಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿದ:

"ಮಾಮಾ, ಇದು ಯುನಿಕ್ಸ್ ಮನೆತನದ್ದು, ಭಾಳ ಗಟ್ಟಿ ಐತಿ. ನೀವು ಏನರ ಮಾಡ್ರಿ, ರೂಟ್ ಮಾತ್ರ ಆಗಬ್ಯಾಡ್ರಿ."

ನಮ್ಮಲ್ಲಿ ರೂಟ್ ಅಂದರೆ ಬಸ್ಸಿನದು. ಸವದತ್ತಿಯಿಂದ ಹೊರಟು ಮುನವಳ್ಳಿ ಮೇಲಿಂದ ಯರಗಟ್ಟಿಗೆ ಹೋಗುವುದು ಒಂದು ರೂಟು. ಮೂವತ್ತು ವರ್ಷ ಕನ್ನಡ ಮಾಸ್ತರಿಕೆ ಮಾಡಿ, ಅಷ್ಟೂ ವರ್ಷ ಆ ಬಸ್ಸುಗಳಲ್ಲಿ ಜೋತಾಡಿದ ನಾನು ಈ ವಯಸ್ಸಿನಲ್ಲಿ ಹೊಸದಾಗಿ ರೂಟ್ ಆಗುವುದು ಹೇಗೆಂದು ತಿಳಿಯಲಿಲ್ಲ. ಸರಿ ಎಂದು ತಲೆಯಾಡಿಸಿದೆ. ತಿಳಿಯದ್ದಕ್ಕೆ ತಲೆಯಾಡಿಸುವ ಹುಡುಗರನ್ನು ಮೂವತ್ತು ವರ್ಷ ಎದುರಿಗೆ ಕಂಡಿದ್ದೇನೆ, ಹಾಗಾಗಿ ಆಡಿಸುವ ಕ್ರಮ ಗೊತ್ತಿತ್ತು.

ಮೊದಲ ಪೆಟ್ಟು ಮರುದಿನವೇ. ವಾರಕ್ಕೊಮ್ಮೆ ಹೊಡೆಯಬೇಕೆಂದು ಅವನು ಚೀಟಿಯಲ್ಲಿ ಬರೆದುಕೊಟ್ಟ ಆಜ್ಞೆಯನ್ನು ಕಪ್ಪು ಪರದೆಯ ಟರ್ಮಿನಲ್ಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಒತ್ತಿದೆ. ಏನೂ ಮೂಡಲಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಮೂಡುವಂತೆ ಚುಕ್ಕೆ ಇಲ್ಲ, ನಕ್ಷತ್ರ ಇಲ್ಲ, ಗೆರೆಯೂ ಅಲ್ಲಾಡಲಿಲ್ಲ. ಕೀಬೋರ್ಡಿನ ಸಂದಿಯಲ್ಲಿ ಮಗಳ ಕಾಲದ ಬಿಸ್ಕತ್ತಿನ ಪುಡಿ ಸೇರಿರಬೇಕು ಎಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಮೊರದಲ್ಲಿ ಜೋಳ ಕೇರುವ ಹಾಗೆ ಬೆನ್ನಿಗೆ ತಟ್ಟಿದೆ. ಪುಡಿ ಉದುರಿದ್ದು ನಿಜ. ಅಕ್ಷರ ಮಾತ್ರ ಮೂಡಲಿಲ್ಲ. ಫೋನು ಹಚ್ಚಿದರೆ ಅವನು ನಕ್ಕ. ಅದು ಮೂಡುವುದೇ ಇಲ್ಲವಂತೆ. ಹಿಂದೆ ನಿಂತು ಇಣುಕುವವನಿಗೆ ಪಾಸ್‌ವರ್ಡು ಎಷ್ಟು ಅಕ್ಷರದ್ದೆಂಬುದೂ ತಿಳಿಯಬಾರದಂತೆ. ಎಟಿಎಂನಲ್ಲಿ ಹಿಂದಿನವನು ನಮ್ಮ ಹೆಗಲ ಮೇಲೆ ಗದ್ದ ಊರಿ ನಿಲ್ಲುವ ಊರಿನವನು ನಾನು. ಆ ಮುನ್ನೆಚ್ಚರಿಕೆಗೆ ಮನಸ್ಸಿನಲ್ಲೇ ಕೈಮುಗಿದೆ.

ಅಂದೇ ರೂಟ್ ಎಂದರೆ ಏನೆಂಬುದನ್ನೂ ಬಿಡಿಸಿ ಹೇಳಿಸಿಕೊಂಡೆ. ರೂಟ್ ಅಂದರೆ ಬೇರು. ಈ ಯಂತ್ರದೊಳಗಿನ ಫೈಲು ಫೋಲ್ಡರುಗಳೆಲ್ಲ ಒಂದೇ ಬೇರಿನಿಂದ ಕವಲೊಡೆದ ಗಿಡ, ಅಷ್ಟೂ ಗಿಡದ ಒಡೆಯನ ಹೆಸರೂ ರೂಟ್. ಯಂತ್ರ ಹೆಸರಿನಿಂದ ಯಾರನ್ನೂ ಗುರುತಿಸುವುದಿಲ್ಲ, ನಂಬರಿನಿಂದ ಗುರುತಿಸುತ್ತದೆ. ರೂಟಿನ ನಂಬರು ಸೊನ್ನೆ. ನಮ್ಮಂಥವರ ಲೆಕ್ಕ ಸಾವಿರದಿಂದ ಶುರು. ನನ್ನದು 1000, ಮನೆಯವಳದ್ದು 1001. ಮುಯ್ಯಿ ಮಾಡುವ ಮೊತ್ತ, ಶುಭವಾದ ಸಂಖ್ಯೆ ಎಂದು ಅವಳಿಗೆ ಸಂತೋಷ. ನನಗೆ ಬೆರಗಾದದ್ದು ಆ ಸೊನ್ನೆ. ನಾನು ಪೇಪರು ತಿದ್ದುವಾಗ ಸೊನ್ನೆ ತಗೊಂಡವ ಹಿಂದಿನ ಬೆಂಚಿನವ. ಇಲ್ಲಿ ಸೊನ್ನೆಯೇ ಸರ್ವಾಧಿಕಾರಿ. ಅವನಿಗೆ ಯಾವ ಬಾಗಿಲೂ ಅಡ್ಡವಿಲ್ಲ, ಏನನ್ನಾದರೂ ಅಳಿಸಬಲ್ಲ, ತಾನು ಕೂತ ಕೊಂಬೆಯನ್ನೂ ಕಡಿಯಬಲ್ಲ.

ಇದನ್ನು ಕೇಳಿ ನನಗೆ ನೆನಪಾದವಳು ನಮ್ಮ ಆಯಿ. ಅವಳ ಸೊಂಟದಲ್ಲಿ ಒಂದು ಕೀಲಿಕೈ ಗೊಂಚಲು ಇರುತ್ತಿತ್ತು. ಬೆಲ್ಲ, ತುಪ್ಪ, ಶೇಂಗಾ ಉಂಡಿ ಇದ್ದ ಕಪಾಟಿನದೊಂದು, ಬೆಳ್ಳಿ ಬಂಗಾರದ ಟ್ರಂಕಿನದೊಂದು, ಜೋಳದ ಕೋಣೆಯದೊಂದು. ನಮಗೆ ಬೆಲ್ಲ ಬೇಕೆಂದರೆ ಗೊಂಚಲಿನಿಂದ ಒಂದೇ ಕೀಲಿಕೈ ಬಿಚ್ಚಿ ಕೈಗಿಡುವಳು. "ಒಂದ ಹಳಕ ಬೆಲ್ಲ ತಗೋ, ಕೀಲಿ ಹಾಕು, ಕೀಲಿಕೈ ತಂದ ಕೊಡು." ಮೂರು ಮಾತು, ಮೂರಕ್ಕೂ ಲೆಕ್ಕ. ತಡವಾದರೆ ಪಡಸಾಲೆಯಿಂದಲೇ ಕೂಗು. ಒಮ್ಮೆ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ ಹೋಗುವಾಗ ಆಯಿ ಇಡೀ ಗೊಂಚಲನ್ನೇ ಕಾಕಾನ ಕೈಗೆ ಕೊಟ್ಟು ಚಕ್ಕಡಿ ಹತ್ತಿದಳು. ಅವಳು ತಿರುಗಿ ಬರುವ ಹೊತ್ತಿಗೆ ಉಂಡಿಯ ಡಬ್ಬಿಯಲ್ಲಿ ಎಳ್ಳಿನ ಕಾಳೂ ಇರಲಿಲ್ಲ, ತುಪ್ಪದ ಗಡಿಗೆಯ ಬಾಯಿ ತೆರೆದಿತ್ತು, ಬೆಕ್ಕು ದಪ್ಪಗಾಗಿತ್ತು. ಕಾಕಾ ಕೆಟ್ಟವನಲ್ಲ. ಕೈಯಲ್ಲಿ ಎಲ್ಲ ಕೀಲಿಕೈ ಇದ್ದವನಿಗೆ ಯಾವ ಬಾಗಿಲು ಹಾಕಿದೆ, ಯಾವುದು ಬಿಟ್ಟೆ ಎಂಬ ಎಚ್ಚರ ಉಳಿಯಲಿಲ್ಲ, ಅಷ್ಟೇ.

ಯುನಿಕ್ಸಿನಲ್ಲೂ ಮೊದಲು ಇದ್ದದ್ದು ಗೊಂಚಲು ಕೊಡುವ ಪದ್ಧತಿಯೇ. 1969ರಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು ಅದನ್ನು ಕಟ್ಟತೊಡಗಿದಾಗ ಒಂದು ಕಂಪ್ಯೂಟರೆಂದರೆ ಹಲವರು ಹಂಚಿಕೊಂಡು ದುಡಿಯುವ ಯಂತ್ರ, ಅವಿಭಕ್ತ ಕುಟುಂಬದ ಮನೆ. ಅಲ್ಲಿ ಯಾರ ಪಾಲಿಗೆ ಯಾರು ಕೈ ಹಾಕಬಾರದು ಎಂಬ ಕಟ್ಟಳೆ ಹುಟ್ಟಿನಿಂದಲೇ ಬಂತು. ಮೊದಲ ಕಾಲದ ಮನೆ ಕಂಪ್ಯೂಟರುಗಳು ಹಾಗಲ್ಲ. ಡಾಸ್ ಇರಲಿ, ವಿಂಡೋಸ್ 98 ಇರಲಿ, ಎದುರಿಗೆ ಕುಳಿತವನೇ ಮಾಲೀಕ. ಬ್ರಹ್ಮಚಾರಿಯ ಖೋಲಿಗೆ ಕಪಾಟಿನ ಕೀಲಿ ಯಾಕೆ? ಯುನಿಕ್ಸಿನಲ್ಲಿ ಅಧಿಕಾರ ಬೇಕಾದಾಗ ಎಸ್‌ಯು ಎಂಬ ಆಜ್ಞೆ ಕೊಟ್ಟು, ರೂಟಿನ ಪಾಸ್‌ವರ್ಡು ಒತ್ತಿ, ರೂಟೇ ಆಗಿಬಿಡುತ್ತಿದ್ದರು. ಇದರಲ್ಲಿ ಎರಡು ತೊಡಕು. ಒಂದೇ ಪಾಸ್‌ವರ್ಡು ಹತ್ತು ಮಂದಿಗೆ ಗೊತ್ತಾಗುವುದು. ಏನಾದರೂ ಹಾಳಾದಾಗ ರೂಟ್ ಮಾಡಿತು ಎಂದು ತಿಳಿಯುವುದೇ ಹೊರತು ಯಾರು ರೂಟ್ ಆಗಿದ್ದರು ಎಂದು ತಿಳಿಯದಿರುವುದು.

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್, ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು ಆಯಿಯ ಪದ್ಧತಿಯನ್ನು ಯಂತ್ರಕ್ಕೆ ತಂದರು. ಅದೇ ಸೂಡೂ. ಇಲ್ಲಿ ಒತ್ತುವುದು ನಮ್ಮದೇ ಪಾಸ್‌ವರ್ಡು. ನಮ್ಮ ಹೆಸರು ಅನುಮತಿ ಉಳ್ಳವರ ಪಟ್ಟಿಯಲ್ಲಿದ್ದರೆ ಅದೊಂದು ಕೆಲಸದ ಮಟ್ಟಿಗೆ ರೂಟಿನ ಅಧಿಕಾರ ಸಿಗುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ಆಜ್ಞೆ ಕೊಟ್ಟರೆಂದು ದಾಖಲೆಯೂ ಆಗುತ್ತದೆ. 2004ರ ಅಕ್ಟೋಬರಿನಲ್ಲಿ ಹೊರಬಂದ ಉಬುಂಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರೂಟಿಗೆ ಪಾಸ್‌ವರ್ಡನ್ನೇ ಇಡಲಿಲ್ಲ. ರೂಟ್ ಮನೆಯಲ್ಲಿದ್ದಾನೆ, ಆದರೆ ಅವನ ಬಾಗಿಲಿಗೆ ಕೀಲಿಕೈಯನ್ನೇ ಮಾಡಿಸಿಲ್ಲ. ಬೇಕಾದವರು ಸೂಡೂ ಮೂಲಕವೇ ಹೋಗಬೇಕು. ಆ್ಯಪಲ್ಲಿನ ಮ್ಯಾಕ್ ಕೂಡ ಯುನಿಕ್ಸ್ ಮನೆತನದ್ದೇ, ಅಲ್ಲಿಯೂ ಇದೇ ರಿವಾಜು.

ಸೂಡೂ ಎಂದು ಅವರು ಎಳೆದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಸುಡು ಆಗಿದೆ. ಟರ್ಮಿನಲ್ಲಿನಲ್ಲಿ ಒತ್ತುವಾಗ ಬಾಯಲ್ಲಿ ಹೇಳಿಕೊಳ್ಳುವ ಚಟ ನನಗೆ. "ಮುಂಜಾನೆದ್ದು ದೇವರ ಹೆಸರು ಹೇಳೂದು ಬಿಟ್ಟು ಸುಡು ಸುಡು ಅಂತ ಕುಂದರ್ತೀರಲ್ಲ, ಮನಿಗೆ ಚಲೋ ಅಲ್ರಿ ಅದು" ಎಂದು ಮನೆಯವಳ ತಕರಾರು. ಎಚ್ಚರ ತಪ್ಪಿದರೆ ಅವಳ ಉಚ್ಚಾರಣೆಯೇ ಸರಿಯಾದದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಒಮ್ಮೆ ಪಾಸ್‌ವರ್ಡು ಕೊಟ್ಟರೆ ಉಬುಂಟುವಿನಲ್ಲಿ ಅದೇ ಟರ್ಮಿನಲ್ಲಿನ ಮಟ್ಟಿಗೆ ಹದಿನೈದು ನಿಮಿಷ ಮತ್ತೆ ಕೇಳುವುದಿಲ್ಲ. ಆ ಹದಿನೈದು ನಿಮಿಷ ಏನೆಂದು ನನಗೆ ಅರ್ಥವಾದದ್ದು ನಮ್ಮ ಓಣಿಯ ಒಬ್ಬ ಹಿರಿಯಳಿಂದ. ಹುಣ್ಣಿಮೆಗೆ ಅವಳ ಮೈಮೇಲೆ ತಾಯಿ ಬರುತ್ತಾಳೆ. ಬಂದಾಗ ಓಣಿಯ ಗೌಡರಿಗೂ ಏಕವಚನ. "ಏ, ಕುಂದ್ರು" ಎಂದರೆ ಕೂತರು, "ಗುಡ್ಡಕ್ಕ ಬಾ" ಎಂದರೆ ಹೊರಟರು. ಯಾರೂ ಎದುರು ಮಾತಾಡುವುದಿಲ್ಲ. ಅರಿಷಿಣದ ನೀರು ಚಿಮುಕಿಸಿ, ಲಿಂಬೆಹಣ್ಣು ಇಳಿಸಿದ ಮೇಲೆ ತಾಯಿ ಇಳಿಯುತ್ತಾಳೆ. ಎರಡು ನಿಮಿಷ ಬಿಟ್ಟು ಅದೇ ಹೆಂಗಸು ಸೆರಗು ಸರಿಮಾಡಿಕೊಂಡು, "ಯಾಕೋ ತಲಿ ಭಾರ ಆಗೇತಿ, ಒಂದ ವಾಟಗ ಚಾ ಕೊಡ್ರೆವಾ" ಎಂದು ಸೊಸೆಯನ್ನು ಗೋಗರೆಯುತ್ತಾಳೆ. ಸೂಡೂ ಇಷ್ಟೇ. ಬರಬೇಕು, ಕೆಲಸ ಹೇಳಬೇಕು, ಇಳಿಯಬೇಕು. ಹದಿನೈದು ನಿಮಿಷ ಕಾಯುವ ಮನಸ್ಸಿಲ್ಲದವರಿಗೆ ಲಿಂಬೆಹಣ್ಣೂ ಉಂಟು. ಸೂಡೂ ಎಂದು ಒತ್ತಿ ಒಂದು ಹೈಫನ್ ಹಾಕಿ ಕೆ ಅಕ್ಷರ ಒತ್ತಿದರೆ ಆ ಕ್ಷಣವೇ ಇಳಿಯುತ್ತದೆ. ಎದ್ದು ಬೇರೆ ಕಡೆ ಹೋಗುವಾಗ ನಾನೀಗ ಅದನ್ನು ಒತ್ತುತ್ತೇನೆ. ನಡುವೆ ಇನ್ನೊಂದು ಸಲ ಸೂಡೂ ಬಳಸಿದರೆ ಹದಿನೈದರ ಎಣಿಕೆ ಮೊದಲಿನಿಂದ ಶುರುವಾಗುತ್ತದೆ ಎಂಬುದೂ ತಿಳಿದಿರಲಿ.

ದಿನವಿಡೀ ತಾಯಿ ಮೈಮೇಲೆ ಇದ್ದರೆ ಏನಾದೀತು? ಅದನ್ನೂ ನಾನು ಮಾಡಿ ನೋಡಿದೆ.

ಒಂದು ದಿನ ಪದೇ ಪದೇ ಪಾಸ್‌ವರ್ಡು ಒತ್ತಿ ಬೇಸತ್ತು, ಎಲ್ಲಿಯೋ ಓದಿದಂತೆ ಸೂಡೂಗೆ ಐ ಎಂಬ ಬಾಲ ಹಚ್ಚಿ ನೇರವಾಗಿ ರೂಟ್ ಆದೆ. ಸಾಲಿನ ಕೊನೆಯಲ್ಲಿ ಮಿನುಗುತ್ತಿದ್ದ ಡಾಲರ್ ಚಿಹ್ನೆ ಹೋಗಿ, ಹುಡುಗರು ಅಂಗಳದಲ್ಲಿ ಇದ್ದಲಿಯಿಂದ ಗೀಚುವ ಆಟದ ಮನೆಯಂಥ ಒಂದು ಗುರುತು ಬಂತು. ಅದೊಂದೇ ಸೂಚನೆ. ಗಂಟೆ ಬಾರಿಸಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಆ ಹುರುಪಿನಲ್ಲಿ ಪೆನ್‌ಡ್ರೈವಿನಲ್ಲಿದ್ದ ನನ್ನ ಇಪ್ಪತ್ತು ವರ್ಷದ ಬರಹಗಳ ಫೋಲ್ಡರನ್ನು ಮನೆಯ ಫೋಲ್ಡರಿಗೆ ನಕಲಿಸಿದೆ. ಮರುದಿನ ಎದ್ದು ನಮ್ಮವ್ವನ ಮೇಲೆ ಬರೆದ ಪ್ರಬಂಧ ತೆರೆದರೆ ಓದಬಹುದು, ತಿದ್ದುವಂತಿಲ್ಲ. ಒಂದು ಅಲ್ಪವಿರಾಮ ಸೇರಿಸಲೂ ಅನುಮತಿ ಇಲ್ಲ. ಅವ್ವ ನನ್ನವಳು, ಪ್ರಬಂಧ ನನ್ನದು, ಲ್ಯಾಪ್‌ಟಾಪು ಮಗಳದ್ದು, ನಡುವೆ ಇದ್ಯಾರು ಅಡ್ಡಿ ಮಾಡುವವರು? ಅರ್ಧ ದಿನ ಸಿಟ್ಟಿನಲ್ಲಿ ಕಳೆದೆ.

"ಮಾಮಾ, ಉತಾರ ತಗಸ್ರಿ" ಎಂದ ಹುಬ್ಬಳ್ಳಿಯವ. ಬೆಳಗಾವಿ ಸೀಮೆಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಪಹಣಿಗೆ ನಾವು ಉತಾರ ಎನ್ನುತ್ತೇವೆ. ಒಂಬತ್ತನೆಯ ಕಲಮಿನಲ್ಲಿ ಮಾಲೀಕ, ಹನ್ನೆರಡನೆಯದರಲ್ಲಿ ಸಾಗುವಳಿದಾರ. ಹೊಲ ಉತ್ತು ಬಿತ್ತಿದವನು ಯಾರೇ ಇರಲಿ, ಕಾಗದದಲ್ಲಿ ಇದ್ದವನೇ ಒಡೆಯ. ಎಲ್‌ಎಸ್ ಎಂಬ ಆಜ್ಞೆಗೆ ಎಲ್ ಸೇರಿಸಿ ಒತ್ತಿದರೆ ಪ್ರತಿ ಫೈಲಿನ ಉತಾರ ಪರದೆಗೆ ಬರುತ್ತದೆ. ನನ್ನ ಅಷ್ಟೂ ಬರಹಗಳ ಮುಂದೆ ಮಾಲೀಕ: ರೂಟ್, ರೂಟ್, ರೂಟ್. ರೂಟ್ ಆಗಿ ನಕಲಿಸಿದ್ದರಿಂದ ಇಪ್ಪತ್ತು ವರ್ಷದ ಆಸ್ತಿಯನ್ನು ನಾನೇ ಸೊನ್ನೆ ನಂಬರಿನವನ ಹೆಸರಿಗೆ ಬರೆದುಕೊಟ್ಟಿದ್ದೆ. ಚೌನ್ ಎಂಬ ಆಜ್ಞೆಯಿಂದ ವಾರಸಾ ತಿದ್ದಿಸಿಕೊಂಡೆ. ನಿಜವಾದ ಉತಾರದಲ್ಲಿ ಹೆಸರು ಬದಲಾಗಲು ಎಷ್ಟು ಚಪ್ಪಲಿ ಸವೆಯುತ್ತವೆ ಎಂದು ಬಲ್ಲವನಿಗೆ ಇದು ಅರ್ಧ ಸೆಕೆಂಡಿನಲ್ಲಿ ಆದದ್ದೇ ಪವಾಡ.

ಉತಾರದ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಪ್ರತಿ ಫೈಲಿಗೂ ಮೂರು ಬಗೆಯ ಹಕ್ಕುದಾರರು: ಮಾಲೀಕ, ಅವನ ಗುಂಪಿನವರು, ಊರವರು. ಓದಲು ನಾಲ್ಕು ಅಂಕ, ತಿದ್ದಲು ಎರಡು, ನಡೆಸಲು ಒಂದು. ಮೂರೂ ಇದ್ದರೆ ಏಳು. ಏನಾದರೂ ತೆರೆಯದಿದ್ದಾಗ 777 ಹಾಕಿಬಿಡಿ ಎಂದು ಹೇಳುವ ಧರ್ಮಾತ್ಮರು ಕಂಪ್ಯೂಟರ್ ಲೋಕದಲ್ಲಿ ಬಹಳ. ಹಾಗೆಂದರೆ ಮಾಲೀಕನಿಗೂ ಏಳು, ಗುಂಪಿಗೂ ಏಳು, ಊರಿಗೂ ಏಳು. ಹಿತ್ತಲ ಬಾಗಿಲ ಅಗಳಿ ಗಟ್ಟಿಯಾಗಿದೆ ಎಂದು ಬಾಗಿಲನ್ನೇ ಕಿತ್ತು ಒಲೆಗೆ ಹಾಕಿದಂತೆ. ಚಳಿಗೆ ಬೆಚ್ಚಗಂತೂ ಆಗುತ್ತದೆ.

ನನ್ನ ಅನಾಹುತಕ್ಕೆ ಮದ್ದಿತ್ತು. ಮದ್ದಿಲ್ಲದ್ದು ಅಳಿಸುವುದು. ಪರದೆಯ ಮೇಲೆ ಇಲಿಯಿಂದ ಒತ್ತಿ ಅಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆ, ಹೆಕ್ಕಿಕೊಳ್ಳಬಹುದು. ಟರ್ಮಿನಲ್ಲಿನ ಆರ್‌ಎಂ ಆಜ್ಞೆಗೆ ಬುಟ್ಟಿಯಿಲ್ಲ. ಅದರ ಹಿಂದೆ ಸೂಡೂ ಇದ್ದರಂತೂ ಕೇಳುವವರೇ ಇಲ್ಲ. ಅದರಲ್ಲಿಯೂ ಅಪಾಯದ ಅಕ್ಷರ ಯಾವುದು ಬಲ್ಲಿರಾ? ಖಾಲಿ ಜಾಗ. ಅಂಗಡಿಗೆ ಹುಡುಗನನ್ನು ಕಳಿಸಿ ಕಲ್ಲುಸಕ್ಕರೆ ತಾ ಎಂದಿರಿ ಅನ್ನಿ. ನಡುವೆ ಒಂದು ಖಾಲಿ ಜಾಗ ಬಿದ್ದು ಅವನು ಒಂದು ಕಲ್ಲನ್ನೂ ಒಂದು ಪೊಟ್ಟಣ ಸಕ್ಕರೆಯನ್ನೂ ತಂದರೆ? 2011ರಲ್ಲಿ ಹೀಗೇ ಆಯಿತು. ಲ್ಯಾಪ್‌ಟಾಪುಗಳ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡನ್ನು ಲಿನಕ್ಸಿನಲ್ಲಿ ಪಳಗಿಸುವ ಬಂಬಲ್‌ಬೀ ಎಂಬ ತಂತ್ರಾಂಶವಿತ್ತು. ಅದನ್ನು ಹಾಕುವಾಗ ನಡೆಯುವ ಆಜ್ಞೆಗಳಲ್ಲಿ ಯುಎಸ್‌ಆರ್ ಎಂಬ ಫೋಲ್ಡರಿನ ಒಳಗಿನ ಒಳಗಿನ ಒಂದು ಮೂಲೆಯನ್ನು ಅಳಿಸುವುದಿತ್ತು. ಯುಎಸ್‌ಆರ್ ಎಂಬುದರ ಮುಂದೆ ಒಂದು ಖಾಲಿ ಜಾಗ ನುಸುಳಿಕೊಂಡಿತು. ಯಂತ್ರ ಅದನ್ನು ಎರಡು ಬೇರೆ ಬೇರೆ ಹೆಸರೆಂದು ಓದಿ ಇಡೀ ಯುಎಸ್‌ಆರ್ ಫೋಲ್ಡರನ್ನು ಅಳಿಸಿತು. ಬಹುಪಾಲು ತಂತ್ರಾಂಶಗಳು ಇರುವುದೇ ಅದರಲ್ಲಿ. ಹಾಕಿಕೊಂಡವರ ಯಂತ್ರ ಕಲ್ಲಾಯಿತು, ಸಕ್ಕರೆಯೂ ಸಿಗಲಿಲ್ಲ. ಬೇರನ್ನೇ ಅಳಿಸು ಎಂದು ಹೇಳಿದರೆ ಇಂದಿನ ಲಿನಕ್ಸುಗಳ ಆರ್‌ಎಂ ಒಲ್ಲೆ ಎನ್ನುತ್ತದೆ, ನಿಜ. ಆದರೆ ಬೇರಿನ ಮುಂದೆ ಒಂದು ನಕ್ಷತ್ರ ಹಾಕಿ ಹೇಳಿದರೆ ತಲೆ ತಗ್ಗಿಸಿ ನಡೆಸಿಕೊಡುತ್ತದೆ.

ಇದಕ್ಕೆ ನಮ್ಮ ಹಿರಿಯರ ಉಪಾಯವೇ ಸರಿ. ಹಗೇವು ಎಂದರೆ ಈಗಿನ ಮಕ್ಕಳಿಗೆ ತಿಳಿಯದು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ, ಮೇಲೆ ಒಂದಾಳು ಇಳಿಯುವಷ್ಟು ಬಾಯಿ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವನು ಕೂಗುವ ಮೊದಲೇ ಉಸಿರು ಕಟ್ಟಿ ಬೀಳುತ್ತಾನೆ. ಮುತ್ಯಾ ಬಾಯಿ ತೆಗೆದು ಬಿಟ್ಟು, ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನೊಂದು ಎಲೆ. ನಾನೀಗ ಆರ್‌ಎಂ ಒತ್ತುವ ಮೊದಲು ಅದೇ ಸಾಲನ್ನು ಎಲ್‌ಎಸ್ ಎಂದು ಒತ್ತುತ್ತೇನೆ. ಯಾವ ಯಾವ ಫೈಲು ಹೋಗಲಿವೆ ಎಂದು ಪಟ್ಟಿ ಬರುತ್ತದೆ. ಅದು ನನ್ನ ಕಂದೀಲು. ಹಗೇವು ಎಷ್ಟೇ ತುಂಬಿರಲಿ, ಮುತ್ಯಾ ಬಿತ್ತುವ ಬೀಜವನ್ನು ಬೂದಿ ಬೆರೆಸಿ ಅಟ್ಟದ ಮೇಲೆ ಬೇರೆಯೇ ಇಡುತ್ತಿದ್ದ. ನನ್ನ ಬರಹಗಳ ಎರಡನೇ ಪ್ರತಿ ಇರುವ ಪೆನ್‌ಡ್ರೈವ್ ದೇವರ ಜಗಲಿಯ ಹಿಂದಿನ ಗೂಡಿನಲ್ಲಿದೆ. ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿಯೇ ಇಡುವುದಿಲ್ಲ.

ಮುನವಳ್ಳಿಯವರಿಗೆ ಅಳಿಸಿದ್ದು ತಿರುಗಿ ಬಾರದು ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಕ್ಕದಲ್ಲೇ ನವಿಲುತೀರ್ಥ ಅಣೆಕಟ್ಟು ಇದೆ. ರೇಣುಕಾಸಾಗರ ತುಂಬುವ ಮಟ್ಟ 2079.50 ಅಡಿ, ಹಿಡಿಯುವ ನೀರು 37.73 ಟಿಎಂಸಿ. ಮಳೆಗಾಲದಲ್ಲಿ ಮಟ್ಟ ಎಷ್ಟಾಯಿತು ಎಂದು ಪೇಪರಿನಲ್ಲಿ ನೋಡುವುದು ಇಲ್ಲಿ ಪಂಚಾಂಗ ನೋಡಿದಷ್ಟೇ ಸಹಜ. 2019ರ ಆಗಸ್ಟಿನಲ್ಲಿ ಮಲಪ್ರಭೆ ಹೇಗೆ ಬಂದಳೆಂದು ದಂಡೆಯ ಊರುಗಳವರು ಇಂದಿಗೂ ಹೇಳುತ್ತಾರೆ. ಗೇಟು ಎತ್ತುವ ಗುಂಡಿ ಸಂತೆಗೆ ಬಂದವರಿಗೆಲ್ಲ ಎಟಕುವಂತೆ ಇಟ್ಟಿಲ್ಲ. ಹೊರಗೆ ಹೋದ ನೀರನ್ನು ಒಳಗೆ ಕರೆಯುವ ಗೇಟು ಯಾವ ಅಣೆಕಟ್ಟಿಗೂ ಇಲ್ಲ.

ಇನ್ನು 1001 ನಂಬರಿನವಳ ಕತೆ. ಅವಳ ಹೆಸರು ಸೂಡೂ ಪಟ್ಟಿಯಲ್ಲಿಲ್ಲ. ಸಾದಾ ಬಳಕೆದಾರಳು. ಒಂದು ಮಧ್ಯಾಹ್ನ ನಾನು ಪಂಚಲಿಂಗೇಶ್ವರ ಗುಡಿಯ ಕಡೆ ಹೋದಾಗ, ನಾನು ಒತ್ತುವುದನ್ನೇ ನೋಡಿಕೊಂಡಿದ್ದ ಈಕೆ ತನ್ನ ಖಾತೆಯಿಂದ ಸೂಡೂ ಒತ್ತಿದ್ದಾಳೆ. ನೀವು ಪಟ್ಟಿಯಲ್ಲಿಲ್ಲ, ಈ ಸಂಗತಿಯನ್ನು ವರದಿ ಮಾಡಲಾಗುವುದು ಎಂಬರ್ಥದ ಇಂಗ್ಲಿಷ್ ಸಾಲು ಬಂದಿದೆ. ನಾನು ಮನೆಗೆ ಬರುವ ಹೊತ್ತಿಗೆ ಮುಖ ಸಣ್ಣದಾಗಿತ್ತು.

"ಯಾರಿಗೆ ಹೇಳತೈತ್ರಿ ಇದು? ಪೊಲೀಸರಿಗೇನು?"

"ರೂಟಿಗೆ."

"ಅಂವ ಯಾವಾಂವ?"

"ಈ ಕಂಪ್ಯೂಟರಿನ ಯಜಮಾನ. ಅಂದ್ರ, ಒಂದ ಲೆಕ್ಕಕ್ಕ ನಾನ."

"ನಾ ಮಾಡಿದ್ದನ್ನ ನಿಮಗ ಹೇಳಾಕ ಅದೆಲ್ಲಿ ಬೇಕು, ನಾನ ಹೇಳಿದ್ನೆಲ್ಲಾ" ಎಂದು ಅವಳು ಒಳಗೆ ಹೋದಳು. ಆ ವರದಿ ಎಲ್ಲಿ ಬಿದ್ದಿದೆ ಎಂದು ನಾನು ಇಂದಿಗೂ ತೆರೆದು ನೋಡಿಲ್ಲ.

ಒಂದು ಮಾತು ಒಪ್ಪಬೇಕು. ಕರೆಂಟ್ ಬಿಲ್ಲು, ಮೊಮ್ಮಗನ ಫೋಟೋ, ರಂಗೋಲಿಯ ವಿಡಿಯೋ, ವಚನ ಗಾಯನ, ಅವಳ ಯಾವ ಕೆಲಸಕ್ಕೂ ಇಂದಿನವರೆಗೆ ಸೂಡೂ ಬೇಕಾಗಿಲ್ಲ. ಅವಳ ಖಾತೆಯಲ್ಲಿ ಒಂದು ದಿನವೂ ಏನೂ ಕೆಟ್ಟಿಲ್ಲ. ಕೆಟ್ಟದ್ದೆಲ್ಲ ಅಧಿಕಾರಿಯ ಖಾತೆಯಲ್ಲೇ. ತಂಗಿಯ ಮಗನ ಸಲಹೆಯೂ ಅದೇ. ಅಧಿಕಾರದ ಖಾತೆ ಒಂದು ಇರಲಿ, ದಿನನಿತ್ಯ ಕೂರುವುದಕ್ಕೆ ಅಧಿಕಾರವಿಲ್ಲದ ಇನ್ನೊಂದು ಮಾಡಿಕೊಳ್ಳಿ ಎನ್ನುತ್ತಾನೆ. ಅಪ್ಪಿತಪ್ಪಿ ಕೆಟ್ಟ ತಂತ್ರಾಂಶ ಒಳಗೆ ಬಂದರೂ ಸಾದಾ ಖಾತೆಯ ಪಡಸಾಲೆಯಲ್ಲೇ ನಿಂತೀತು, ಟ್ರಂಕಿನವರೆಗೆ ಹೋಗಲಾರದು. ನಿವೃತ್ತನಾದ ಮೇಲೆ ಉಳಿದಿದ್ದ ಒಂದೇ ಅಧಿಕಾರ ಇದು, ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಹೀಗಾಗಿ ನಾನು ಇನ್ನೂ ಪಟ್ಟಿಯಲ್ಲಿದ್ದೇನೆ.

ಆ ಪಟ್ಟಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಕನ್ನಡ ಮಾಸ್ತರನ ಜೀವ ಕೇಳದು. ಅದರ ಹೆಸರು ಸೂಡೋಯರ್ಸ್. ಅದನ್ನು ಬೇರೆ ಯಾವುದರಲ್ಲೂ ತೆರೆದು ತಿದ್ದಬಾರದು. ವಿಸೂಡೂ ಎಂಬ ಆಜ್ಞೆಯಲ್ಲಿಯೇ ತಿದ್ದಬೇಕು. ಅದು ಉಳಿಸುವ ಮೊದಲು ವ್ಯಾಕರಣ ಪರೀಕ್ಷಿಸುತ್ತದೆ. ಒಂದು ಚಿಹ್ನೆ ತಪ್ಪಿದರೂ ಇಂತಿಂಥ ಸಾಲಿನಲ್ಲಿ ತಪ್ಪಿದೆ, ಏನು ಮಾಡಲಿ ಎಂದು ಕೇಳುತ್ತದೆ. ತಪ್ಪು ವ್ಯಾಕರಣದ ಪಟ್ಟಿ ಉಳಿದುಬಿಟ್ಟರೆ ಸೂಡೂ ಮುಷ್ಕರ ಹೂಡಲೂಬಹುದು, ಆಗ ಸರಿಪಡಿಸಲು ಸೂಡೂ ಬೇಕು, ಸೂಡೂ ಇಲ್ಲ. ಕೀಲಿಕೈಯನ್ನು ತಿಜೋರಿಯೊಳಗೆ ಬಿಟ್ಟು ತಿಜೋರಿ ಮುಚ್ಚಿದ ಹಾಗೆ. ವ್ಯಾಕರಣಕ್ಕೆ ಇಷ್ಟು ಮರ್ಯಾದೆ ಕೊಡುವವರನ್ನು ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಕಂಡಿರಲಿಲ್ಲ.

ಕೀಲಿಕೈಯ ಮೇಲಿನ ಜಗಳ ನಮ್ಮ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದೊರೆಯ ದತ್ತಕವನ್ನು ಒಪ್ಪದೆ ಅರಮನೆಯ ಖಜಾನೆಗೆ ತನ್ನ ಮುದ್ರೆ ಒತ್ತಿಸಿದ. ಅಕ್ಟೋಬರ್ 23ಕ್ಕೆ ಕಿತ್ತೂರ ಕೋಟೆಯ ಎದುರು ಅವನ ಲೆಕ್ಕ ಮುಗಿಯಿತು. ಪರರ ಮನೆಯಲ್ಲಿ ರೂಟ್ ಆಗಲು ಬಂದವನ ಕತೆ ಇದು. ಇಂದು ಅಂಥವರು ಕುದುರೆ ಏರಿ ಬರುವುದಿಲ್ಲ. ಈ ಸಾಲನ್ನು ನಕಲು ಮಾಡಿ ಟರ್ಮಿನಲ್ಲಿಗೆ ಹಾಕಿರಿ, ನಿಮ್ಮ ಕಂಪ್ಯೂಟರು ಓಡುತ್ತದೆ ಎನ್ನುತ್ತಾರೆ. ಸಾಲಿನ ಮೊದಲಲ್ಲೇ ಸೂಡೂ ಇರುತ್ತದೆ. ನಾವೇ ಪಾಸ್‌ವರ್ಡು ಒತ್ತಿ, ಖಜಾನೆ ತೆರೆದು, ಕಂದೀಲು ಹಿಡಿದು ದಾರಿ ತೋರಿಸುತ್ತೇವೆ. ಹಾಗೆಂದು ಸೂಡೂ ತಾನೇ ಪರಿಶುದ್ಧ ಎಂದಲ್ಲ. 2021ರ ಜನವರಿಯಲ್ಲಿ ಕ್ವಾಲಿಸ್ ಕಂಪನಿಯವರು ಅದರಲ್ಲೇ ಒಂದು ಬಿರುಕು ತೋರಿಸಿದರು. 2011ರಿಂದಲೂ ಇತ್ತಂತೆ, ಯಾವ ಅಧಿಕಾರವೂ ಇಲ್ಲದವನು ಅದರ ಮೂಲಕ ರೂಟ್ ಆಗಬಹುದಿತ್ತು. ಸರಿಪಡಿಸಿದ ಆವೃತ್ತಿ ಕೂಡಲೇ ಬಂತು. ವಾರಕ್ಕೊಮ್ಮೆ ಹೊಡೆಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟ ಆಜ್ಞೆ ಇಂಥದ್ದಕ್ಕೇ. ಅದನ್ನು ಪ್ರತಿ ಸೋಮವಾರ ತಪ್ಪದೆ ಒತ್ತುತ್ತೇನೆ, ಬಾಯಿ ಮುಚ್ಚಿಕೊಂಡು.

ಕಳೆದ ತಿಂಗಳು ಕನ್ನಡ ಅಕ್ಷರದ ಒಂದು ಹೊಸ ವಿನ್ಯಾಸ ಬೇಕೆನಿಸಿತು. ಉಬುಂಟುವಿನ ಉಗ್ರಾಣದಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳಿವೆ. ನವಿಲುತೀರ್ಥದ ಪಕ್ಕದವನು ಯಾವುದನ್ನು ಆರಿಸಬೇಕೆಂದು ಕೇಳಬೇಕಿಲ್ಲ. ಅದು ಕೈಬರಹದ ಹಾಗೆ ಕಾಣುವ ಅಕ್ಷರ. ಸೂಡೂ ಎಂದು ಶುರುಮಾಡಿ ತಡೆದೆ. ಉಗ್ರಾಣದಿಂದ ಇಡೀ ಮನೆಗೆ ಹಾಕಬೇಕಾದರೆ ಯಜಮಾನಿಕೆ ಬೇಕು. ಬೇಕಾದದ್ದು ನನ್ನೊಬ್ಬನಿಗೆ. ಫಾಂಟಿನ ಫೈಲನ್ನು ತಂದು ನನ್ನ ಮನೆ ಫೋಲ್ಡರಿನೊಳಗೆ ಫಾಂಟುಗಳಿಗೆಂದು ಇರುವ ಜಾಗದಲ್ಲಿ ಇಟ್ಟೆ. ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಪಟ್ಟಿಯಲ್ಲಿ ನವಿಲು ಕೂತಿತ್ತು. ಆಯಿ ಇದ್ದಿದ್ದರೆ ಬೆಲ್ಲ ಹೊರಗಿನ ಡಬ್ಬಿಯಲ್ಲೇ ಐತಿ, ಕೀಲಿಕೈ ಯಾಕ ಕೇಳತಿ ಅನ್ನುತ್ತಿದ್ದಳು.

ಈ ಬರಹವನ್ನು ಆ ನವಿಲು ಅಕ್ಷರದಲ್ಲಿಯೇ ಬೆರಳಚ್ಚು ಮಾಡಿದ್ದೇನೆ. ಮೂರು ದಿನ ಹಿಡಿಯಿತು. ಸೂಡೂ ಒಮ್ಮೆಯೂ ಬೇಕಾಗಲಿಲ್ಲ.